ಆರೂವರೆ ನಿಮಿಷದ ಓಟ



ಬೆಳಗಿನ ಜಾವ ಹಾಲು ಕರೆದು ಡೈರಿಗೆ ಹಾಕಲು ಹೊರಟಾಗ, ಕೆರೆಯ ಏರಿಯ ಮೇಲೆ ನಾಲ್ಕೈದು ಹುಡುಗರು ಏದುಸಿರು ಬಿಡುತ್ತ ಓಡುವುದನ್ನು ತಾವು ನೋಡಿರಬಹುದು. ಆನೇಕಲ್, ಸರ್ಜಾಪುರ, ಅತ್ತಿಬೆಲೆ, ಹೊಸಕೋಟೆ, ನೆಲಮಂಗಲ ಈ ಎಲ್ಲ ಕಡೆಗಳಲ್ಲಿಯೂ ಇದು ಕಾಣುವ ನೋಟವೇ. “ಹೊಲದಲ್ಲಿ ಕಳೆ ಕೀಳಲು ಬಾರದ ಮೈ, ಬೀದಿಯಲ್ಲಿ ಓಡಲು ಬಂತೇ?” ಎಂದು ಹಿರಿಯರು ನಗುವುದೂ ಉಂಟು. ನಗಬೇಡಿ. ಆ ಹುಡುಗರಲ್ಲಿ ಅನೇಕರು ಆಟಕ್ಕಾಗಿ ಓಡುತ್ತಿಲ್ಲ, ಅನ್ನಕ್ಕಾಗಿ ಓಡುತ್ತಿದ್ದಾರೆ.

ಪೊಲೀಸ್ ಕಾನ್‌ಸ್ಟೇಬಲ್ ಆಗಬಯಸುವ ಗಂಡಸು 1600 ಮೀಟರು ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕೆಂಬುದು ನಮ್ಮ ರಾಜ್ಯದ ನೇಮಕಾತಿಯ ನಿಯಮ. ಹೆಣ್ಣುಮಕ್ಕಳಿಗೆ 400 ಮೀಟರು, 2 ನಿಮಿಷ. ಕೇಂದ್ರದ ಗಡಿ ಕಾಯುವ ಪಡೆಗಳಿಗೆ ಸೇರುವ ಗಂಡಸರು 5 ಕಿಲೋಮೀಟರನ್ನು 24 ನಿಮಿಷದಲ್ಲಿ ಮುಗಿಸಬೇಕು. ಸೈನ್ಯದ ಓಟದಲ್ಲಿ 1600 ಮೀಟರಿಗೆ ಪೂರ್ಣ ಅಂಕ ಬೇಕೆಂದರೆ 5 ನಿಮಿಷ 30 ಸೆಕೆಂಡು ಮೀರಬಾರದು. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಸಿ ಕೇಳಿಕೊಳ್ಳುವುದು ಒಳ್ಳೆಯದು. ಆದರೆ ಒಂದು ಮಾತು ಬದಲಾಗುವುದಿಲ್ಲ. ಅಲ್ಲಿ ಗಡಿಯಾರ ಹಿಡಿದು ನಿಂತವನು ನಿಮ್ಮ ಮಗನ ಜಾತಿ ಕೇಳುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಒಂದು ಸೆಕೆಂಡು ತಡವಾದರೂ ಮನೆಗೆ ಕಳುಹಿಸುತ್ತಾನೆ.

1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಂದಿನಿಂದ ಈ ಕಡೆಯ ಹೊಲಗಳು ಹೇಗೆ ಕರಗಿದವೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಪೀಣ್ಯದಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಅದೇ ಕಥೆ. ನೆಲ ಹೋದ ಮನೆಯ ಹುಡುಗನಿಗೆ ಗೇಟಿನ ಬಳಿ ಕಾವಲು ಕೆಲಸ, ಇಲ್ಲವೆ ಗುತ್ತಿಗೆಯ ಕೂಲಿ. ಅವನಿಗೆ ಸರ್ಕಾರಿ ಸಮವಸ್ತ್ರವೆಂದರೆ ಎರಡು ಎಕರೆ ನೀರಾವರಿಗೆ ಸಮ. ಅದು ಆರೂವರೆ ನಿಮಿಷದ ಓಟದ ಆಚೆಗಿದೆ.

ಈಗ ಒಬ್ಬ ಹುಡುಗನನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. ಅವನು ಇಂದು 1600 ಮೀಟರನ್ನು 7 ನಿಮಿಷ 10 ಸೆಕೆಂಡಿನಲ್ಲಿ ಓಡುತ್ತಾನೆಂದು ಇಟ್ಟುಕೊಳ್ಳಿ. ಅಂದರೆ 40 ಸೆಕೆಂಡು ಹೆಚ್ಚು. ಗಡಿಯಾರ ಆರೂವರೆ ನಿಮಿಷ ತೋರಿಸುವಾಗ ಅವನು ಗೆರೆಯಿಂದ ಸುಮಾರು 150 ಮೀಟರು ಹಿಂದೆ ಇರುತ್ತಾನೆ. ಇಷ್ಟೊಂದು ಅಂತರ ಕಂಡು ಹುಡುಗ ಏನು ಮಾಡುತ್ತಾನೆ? ದಿನವೂ ಎದ್ದು ಅದೇ 1600 ಮೀಟರನ್ನು ಜೀವ ಬಿಟ್ಟು ಓಡುತ್ತಾನೆ. ಮೊದಲ ವಾರ 7 ನಿಮಿಷಕ್ಕೆ ಇಳಿಯುತ್ತಾನೆ, ಹಿಗ್ಗುತ್ತಾನೆ. ಎರಡನೆಯ ವಾರ ಅಲ್ಲಿಯೇ ನಿಲ್ಲುತ್ತಾನೆ. ಮೂರನೆಯ ವಾರ ಮುಂಗಾಲಿನ ಮೂಳೆ ನೋಯುತ್ತದೆ. ನಾಲ್ಕನೆಯ ವಾರ ಮಲಗುತ್ತಾನೆ. “ನಮ್ಮ ವಂಶದಲ್ಲಿಯೇ ಓಟವಿಲ್ಲ” ಎಂದು ತಾಯಿ ಹೇಳುತ್ತಾಳೆ.

ವಂಶದ ದೋಷವಲ್ಲ ಇದು, ಬೇಸಾಯದ ದೋಷ. ಒಂದು ಬೆಳೆಗೆ ಬೇಕಾದ ಯೂರಿಯವನ್ನೆಲ್ಲ ಬಿತ್ತಿದ ವಾರವೇ ಸುರಿದರೆ ರಾಗಿ ಬರುತ್ತದೆಯೇ? ಸುಟ್ಟುಹೋಗುತ್ತದೆ. ಮೈಯೂ ಹಾಗೆಯೇ.

ರೈತನ ಮಗನಿಗೆ ಓಟವಿಲ್ಲವೆನ್ನುವವರಿಗೆ ಒಂದು ನಿಜವಾದ ಸಂಗತಿಯನ್ನು ತಿಳಿಸಬೇಕು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಆಟೋಟಗಳು ನಡೆದವು. ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅಲ್ಲಿ ಓಡುತ್ತಿದ್ದವರನ್ನು ಕಂಡು ಬೆರಗಾದರು. ಓಡುತ್ತಿದ್ದವರು ಹೊಲದಲ್ಲಿ ದುಡಿಯುವ ಹುಡುಗರು. ಕಾಲಿಗೆ ಜೋಡಿಲ್ಲ, ಓಟದ ಶಾಸ್ತ್ರ ಗೊತ್ತಿಲ್ಲ, ಊಟವೂ ಅಷ್ಟಕ್ಕಷ್ಟೆ. ಆದರೂ ಅವರಲ್ಲಿ ಕೆಲವರ ಕಾಲ ಯೂರೋಪಿನಲ್ಲಿ ತರಬೇತಿ ಪಡೆದವರ ಕಾಲಕ್ಕೆ ಹತ್ತಿರವಿತ್ತು. ಇದರಿಂದಲೇ ಮರುವರ್ಷ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸಿಗೆ ನಮ್ಮ ದೇಶದ ತಂಡ ಹೋಯಿತು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬವರಿದ್ದರು. 1920ರ ಆಗಸ್ಟ್ 22ರಂದು ಅವರು ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು. ಕಾಲ 2 ಗಂಟೆ 50 ನಿಮಿಷ 45 ಸೆಕೆಂಡು. ಆ ವರ್ಷದ ಮ್ಯಾರಥಾನ್ ದೂರ ಮಾಮೂಲಿಗಿಂತ ಹೆಚ್ಚು, 42 ಕಿಲೋಮೀಟರು 750 ಮೀಟರು.

ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡಿ. ಚೌಗುಲೆಯವರು ಪ್ರತಿ 1600 ಮೀಟರಿಗೆ ಸರಾಸರಿ 6 ನಿಮಿಷ 23 ಸೆಕೆಂಡು ತೆಗೆದುಕೊಂಡರು. ಪೊಲೀಸ್ ಪರೀಕ್ಷೆಯಲ್ಲಿ ಒಂದು ಸಲ ಓಡಬೇಕಾದ ದೂರವನ್ನು, ಪರೀಕ್ಷೆ ಕೇಳುವುದಕ್ಕಿಂತ ಹೆಚ್ಚಿನ ವೇಗದಲ್ಲಿ, ಒಂದರ ಹಿಂದೆ ಒಂದರಂತೆ ಇಪ್ಪತ್ತಾರು ಸಲಕ್ಕೂ ಹೆಚ್ಚು ಓಡಿದರು. ನಡುವೆ ನಿಲ್ಲಲಿಲ್ಲ. ಹಾಗಾದರೆ ನಮ್ಮ ಹುಡುಗನಿಗೆ ಕೊರತೆಯಾಗಿರುವುದು ಕಾಲಿನ ವೇಗವಲ್ಲ. ಅವನು ನೂರು ಮೀಟರನ್ನು 24 ಸೆಕೆಂಡಿನಲ್ಲಿ ಈಗಲೇ ಓಡಬಲ್ಲ. ಎಮ್ಮೆ ಬೆಳೆಗೆ ನುಗ್ಗಿದರೆ ಇನ್ನೂ ಜೋರಾಗಿ ಓಡುತ್ತಾನೆ. ಅದೇ ವೇಗವನ್ನು ಹದಿನಾರು ನೂರು ಮೀಟರು ಹಿಡಿದು ನಿಲ್ಲಿಸುವ ದಮ್ಮು ಅವನಿಗಿಲ್ಲ. ಬೆಳೆಸಬೇಕಾದುದು ದಮ್ಮನ್ನು.

ದಮ್ಮು ಎಂದರೆ ಏನು? ಕಾಲಿನ ಮಾಂಸಖಂಡ ದುಡಿಯಬೇಕಾದರೆ ಅದಕ್ಕೆ ಆಮ್ಲಜನಕ ಬೇಕು. ಅದು ಉಸಿರಿನಿಂದ ರಕ್ತಕ್ಕೆ ಸೇರಿ, ಹೃದಯದ ಒತ್ತಡದಿಂದ ಕಾಲಿಗೆ ಬರುತ್ತದೆ. ಹೃದಯವನ್ನು ಪಂಪ್‌ಸೆಟ್ ಎಂದು ತಿಳಿಯಿರಿ, ರಕ್ತನಾಳಗಳು ಕಾಲುವೆ, ಮಾಂಸಖಂಡ ಹೊಲ. ಆರೂವರೆ ನಿಮಿಷದ ಓಟದಲ್ಲಿ ವೆಚ್ಚವಾಗುವ ಶಕ್ತಿಯ ಬಹುಪಾಲು, ನೂರಕ್ಕೆ ಎಂಬತ್ತರಷ್ಟು ಎನ್ನಬಹುದು, ಹೀಗೆ ಆಮ್ಲಜನಕದಿಂದಲೇ ಹುಟ್ಟಬೇಕು. ಉಳಿದುದು ಮಾತ್ರ ಆಮ್ಲಜನಕವಿಲ್ಲದೆ ಒಮ್ಮೆಗೆ ಉರಿಯುವ ಶಕ್ತಿ. ಅದು ಬೇಗ ಮುಗಿಯುತ್ತದೆ. ಮುಗಿಯುತ್ತ ಬಂದಾಗ ತೊಡೆ ಕಲ್ಲಾಗುತ್ತದೆ, ಉಸಿರು ಸಾಲದಾಗುತ್ತದೆ.

ವಾರಗಟ್ಟಲೆ ನಿಧಾನವಾಗಿ ಓಡಿದಾಗ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ನೂಕುವುದನ್ನು ಕಲಿಯುತ್ತದೆ. ಮಾಂಸಖಂಡದೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಒಡೆಯುತ್ತವೆ, ಹೊಲದೊಳಗೆ ಹೊಸ ಬಸಿಗಾಲುವೆ ತೋಡಿದ ಹಾಗೆ. ಈ ಕೆಲಸ ಏದುಸಿರಿನ ಓಟದಿಂದ ಆಗುವುದಕ್ಕಿಂತ ಸಾವಧಾನದ ಓಟದಿಂದ ಚೆನ್ನಾಗಿ ಆಗುತ್ತದೆ, ಏಕೆಂದರೆ ಸಾವಧಾನವಾದರೆ ಬಹಳ ಹೊತ್ತು ಓಡಬಹುದು, ಮರುದಿನವೂ ಓಡಬಹುದು. ಇನ್ನೊಂದು ಕಾರಣವೂ ಇದೆ. ಹೃದಯ ಮತ್ತು ಉಸಿರು ನಾಲ್ಕಾರು ವಾರದಲ್ಲಿಯೇ ಚುರುಕಾಗುತ್ತವೆ. ಮೂಳೆಗೂ ನರಗಟ್ಟಿಗೂ ತಿಂಗಳುಗಳು ಬೇಕು. “ಈಗ ದಮ್ಮು ಬಂತು” ಎಂದು ಹುಡುಗ ಹುರುಪಿನಿಂದ ಓಟ ಹೆಚ್ಚಿಸುವ ಹೊತ್ತಿಗೇ ಮೊಣಕಾಲಿನ ಕೆಳಗೆ ನೋವು ಕಾಣಿಸಿಕೊಳ್ಳುವುದು ಇದರಿಂದಲೇ.

ಹಾಗಾದರೆ ಎಷ್ಟು ನಿಧಾನ? ಪಕ್ಕದಲ್ಲಿ ಓಡುವವನೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು. ಊರಿನ ಸುದ್ದಿ ಹೇಳಿಕೊಂಡು ಓಡುವಂತಿರಬೇಕು. “ಹೂಂ”, “ಊಹೂಂ” ಎಂಬಷ್ಟೇ ಬಂದರೆ ವೇಗ ಹೆಚ್ಚಾಯಿತೆಂದು ಅರ್ಥ. ಹುಡುಗರಿಗೆ ಇದು ನಾಚಿಕೆಯ ಓಟವಾಗಿ ತೋರುತ್ತದೆ. ನನ್ನ ಅನುಭವದಲ್ಲಿ ಅವರನ್ನು ಜೋರಾಗಿ ಓಡಿಸುವುದು ಸುಲಭ, ನಿಧಾನ ಓಡಿಸುವುದೇ ಕಷ್ಟ. ಅವರಿಗೆ ನ್ಯೂಜಿಲೆಂಡಿನ ಪೀಟರ್ ಸ್ನೆಲ್ ಎಂಬವರ ವಿಷಯ ಹೇಳಿ. ಅವರು 1960ರ ರೋಮ್ ಒಲಿಂಪಿಕ್ಸಿನಲ್ಲಿ 800 ಮೀಟರಿಗೆ ಚಿನ್ನ ಗೆದ್ದರು. ಎರಡು ನಿಮಿಷವೂ ಹಿಡಿಯದ ಆ ಓಟಕ್ಕೆ ಅವರ ಗುರು ಆರ್ಥರ್ ಲಿಡಿಯರ್ಡ್ ವಾರಕ್ಕೆ ನೂರು ಮೈಲಿಗಳವರೆಗೆ ಬೆಟ್ಟಗುಡ್ಡದ ಮೇಲೆ ಓಡಿಸುತ್ತಿದ್ದರು. ನಮ್ಮ ಹುಡುಗನಿಗೆ ನೂರು ಮೈಲಿ ಬೇಡ. ಆ ನಿಯಮ ಸಾಕು.

ಮೊದಲ ನಾಲ್ಕು ವಾರ ಗಡಿಯಾರವನ್ನು ಹೊತ್ತು ನೋಡಲು ಮಾತ್ರ ಬಳಸಬೇಕು, ವೇಗ ಅಳೆಯಲು ಅಲ್ಲ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 20 ನಿಮಿಷ. ಆಗದಿದ್ದರೆ ನಡುನಡುವೆ ನಡೆಯಲಿ, ಅವಮಾನವೇನಿಲ್ಲ. ವಾರ ವಾರಕ್ಕೆ ಒಟ್ಟು ಓಟವನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚಿಸಿ ಅರ್ಧ ಗಂಟೆಗೆ ತನ್ನಿ. ತಿಂಗಳಾದ ಮೇಲೆ ಎರಡು ದಿನ ಸಾವಧಾನದ ಓಟದ ಕೊನೆಗೆ ನೂರು ನೂರು ಮೀಟರಿನ ಐದಾರು ಹಗುರ ಓಟ ಸೇರಿಸಬಹುದು. ಜೋರಾಗಿ, ಆದರೆ ಹಲ್ಲು ಕಚ್ಚಿ ಅಲ್ಲ. ಭುಜ ಸಡಿಲ, ಹೆಜ್ಜೆ ಚಿಕ್ಕದು, ಪಾದ ಮೈಯ ಕೆಳಗೇ ಬೀಳಬೇಕು. ಕೆರೆ ಏರಿಗೆ ಹತ್ತುವ ಇಳಿಜಾರಿನಲ್ಲಿ ಹತ್ತುಮುಖವಾಗಿ ಓಡಿದರೆ ಇನ್ನೂ ಮೇಲು, ಅಲ್ಲಿ ಕಾಲಿಗೆ ಬಲ ಬರುತ್ತದೆ, ಪೆಟ್ಟು ಕಡಿಮೆ.

ಆರನೆಯ ವಾರದಿಂದ ವಾರಕ್ಕೆ ಒಂದೇ ದಿನ ಗಡಿಯಾರದ ಓಟ. ಇದರಲ್ಲಿಯೇ ಸಾಧನೆಯ ಗುಟ್ಟಿದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1600 ಮೀಟರಿಗೆ ಆರೂವರೆ ನಿಮಿಷವೆಂದರೆ ಪ್ರತಿ 400 ಮೀಟರಿಗೆ 97 ಸೆಕೆಂಡು ಮತ್ತು ಅರ್ಧ. ನಮ್ಮ ಹುಡುಗನ ಇಂದಿನ ವೇಗ 107ರ ಆಸುಪಾಸು. ಮೊದಲ ದಿನ ಅವನು 400 ಮೀಟರನ್ನು 104 ಸೆಕೆಂಡಿಗೆ ಓಡಲಿ. ಎರಡು ನಿಮಿಷ ನಡೆಯಲಿ. ಮತ್ತೆ ಓಡಲಿ. ಹೀಗೆ ನಾಲ್ಕು ಸಲ. ಮುಂದಿನ ವಾರ ಐದು ಸಲ, ಅದರ ಮುಂದಿನ ವಾರ ಆರು. ಆರೂ ಸಲ ಒಂದೇ ಸಮನಾದ ಮೇಲೆ 101ಕ್ಕೆ ಇಳಿಸಲಿ, ಆಮೇಲೆ 98ಕ್ಕೆ, ಕೊನೆಗೆ 96ಕ್ಕೆ. ಮೊದಲನೆಯದು 90, ಕೊನೆಯದು 110 ಎಂದಾದರೆ ಆ ದಿನದ ಪಾಠ ಕೆಟ್ಟಿತೆಂದೇ ತಿಳಿಯಬೇಕು. ಆರನೆಯದೂ ಮೊದಲನೆಯದರಂತೆ ಇರುವುದು ಮುಖ್ಯ. ಹನ್ನೆರಡನೆಯ ವಾರದ ಹೊತ್ತಿಗೆ 800 ಮೀಟರನ್ನು ಮೂರು ಸಲ, ಒಂದೊಂದಕ್ಕೆ 3 ನಿಮಿಷ 15 ಸೆಕೆಂಡಿನಂತೆ, ನಡುವೆ ಮೂರು ನಿಮಿಷ ವಿಶ್ರಾಂತಿ ಕೊಟ್ಟು ಓಡಬಲ್ಲನಾದರೆ ಆರೂವರೆ ನಿಮಿಷ ಅವನ ಕೈಗೆಟುಕಿತು. ಪೂರ್ತಿ 1600 ಮೀಟರಿನ ಪರೀಕ್ಷೆ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡುವವನು ಬೆಳೆ ತೆಗೆಯುವುದಿಲ್ಲ.

ಉಳಿದ ದಿನಗಳಲ್ಲಿ ಅದೇ ಮಾತಾಡಿಕೊಂಡು ಓಡುವ ಓಟ. ಒಂದು ದಿನ ಪೂರ್ತಿ ಬಿಡುವು.

ಬಿಡುವು ಎಂದೊಡನೆ ಹುಡುಗರು ಹೆದರುತ್ತಾರೆ, ಗಳಿಸಿದ್ದೆಲ್ಲ ಹೋಯಿತೆಂದು. ಇದಕ್ಕೆ ರೋಜರ್ ಬ್ಯಾನಿಸ್ಟರರ ಉದಾಹರಣೆಗಿಂತ ಒಳ್ಳೆಯದು ನನಗೆ ತೋರದು. ಲಂಡನ್ನಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಅವರು ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಲು ಪಣ ತೊಟ್ಟಿದ್ದರು. ಮೈಲಿಯೆಂದರೆ 1609 ಮೀಟರು, ನಮ್ಮ ಪರೀಕ್ಷೆಯ ದೂರವೇ ಎನ್ನಿ. ಆಸ್ಪತ್ರೆಯ ಕೆಲಸದ ನಡುವೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರ ಅಭ್ಯಾಸ. ಕಾಲು ಮೈಲಿಯನ್ನು ಹತ್ತು ಸಲ, ನಡುವೆ ಎರಡು ನಿಮಿಷ ಬಿಡುವು. 1953ರ ಡಿಸೆಂಬರಿನಲ್ಲಿ ಒಂದೊಂದು ಸುತ್ತಿಗೆ 66 ಸೆಕೆಂಡು ಹಿಡಿಯುತ್ತಿತ್ತು. ಏಪ್ರಿಲ್ ಹೊತ್ತಿಗೆ 61ಕ್ಕೆ ಬಂತು, ಅಲ್ಲಿಯೇ ನಿಂತುಬಿಟ್ಟಿತು. ಎಷ್ಟು ಹೆಣಗಿದರೂ 60 ಮುಟ್ಟಲಿಲ್ಲ. ಆಗ ಅವರು ಓಟವನ್ನೇ ಬಿಟ್ಟು ಗೆಳೆಯನೊಡನೆ ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೋದರು. ಕೆಲವು ದಿನ ಕಳೆದು ಬಂದು ಓಡಿದರೆ 59! 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿದರು. ಲೋಕದಲ್ಲಿ ಅದುವರೆಗೆ ಯಾರೂ ಅದನ್ನು ಮಾಡಿರಲಿಲ್ಲ. ಓಡಿದಾಗ ಮೈ ಸವೆಯುತ್ತದೆ, ಮಲಗಿದಾಗ ಕಟ್ಟಿಕೊಳ್ಳುತ್ತದೆ. ಬೀಳುಬಿಟ್ಟ ಹೊಲದ ಬೆಲೆ ಬಲ್ಲ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಕಡೆ ಈ ಬಿಡುವಿನ ಪ್ರಶ್ನೆ ಇನ್ನೊಂದು ರೀತಿಯಲ್ಲಿ ಬರುತ್ತದೆ. ಬೊಮ್ಮಸಂದ್ರ, ಜಿಗಣಿ, ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ ಬೆಳಿಗ್ಗೆ ಆರು ಗಂಟೆಗೆ ಬಿಟ್ಟು ಬಂದು, ಹಾಗೆಯೇ ಬೂಟು ಕಟ್ಟಿ ಓಡಲು ಹೋಗುತ್ತಾನೆ. ಅವನ ಉತ್ಸಾಹ ಮೆಚ್ಚಬೇಕಾದದ್ದೇ. ಆದರೆ ಇದು ತಪ್ಪು. ಮೊದಲು ಊಟ, ಆರೇಳು ಗಂಟೆ ನಿದ್ದೆ, ಸಂಜೆ ಓಟ. ಹಗಲು ನಿದ್ದೆಗೆ ಕತ್ತಲ ಕೋಣೆ ಬೇಕು. ಮನೆಯವರು ಟೀವಿಯನ್ನು ಸಣ್ಣದು ಮಾಡಿ ಅವನಿಗೆ ಅಷ್ಟು ಉಪಕಾರ ಮಾಡಬೇಕು. ಪಾಳಿ ಬದಲಾಗುವ ವಾರದಲ್ಲಿ ಗಡಿಯಾರದ ಓಟ ಬಿಟ್ಟುಬಿಡಲಿ. ಹಾಗೆಯೇ, ದಿನವೆಲ್ಲ ರಾಗಿ ಕೊಯ್ದ ಇಲ್ಲವೆ ಗುದ್ದಲಿ ಹಿಡಿದ ದಿನ ಅದೂ ಒಂದು ಕಸರತ್ತೆಂದೇ ಲೆಕ್ಕ. ಅಂದು ಸಂಜೆ ಹದಿನೈದು ನಿಮಿಷ ಮೆಲ್ಲಗೆ ಓಡಿದರೆ ಧಾರಾಳವಾಯಿತು.

ಎಲ್ಲಿ ಓಡಬೇಕು? ಹೆದ್ದಾರಿಯ ಮೇಲೆ ಬೇಡವೇ ಬೇಡ. ಹೊಸೂರು ರಸ್ತೆ, ತುಮಕೂರು ರಸ್ತೆ, ಸರ್ಜಾಪುರ–ಅತ್ತಿಬೆಲೆ ರಸ್ತೆಗಳಲ್ಲಿ ಬೆಳಗಿನ ಜಾವ ಲಾರಿ ಓಡಿಸುವವನು ರಾತ್ರಿಯಿಡೀ ನಿದ್ದೆಗೆಟ್ಟಿರುತ್ತಾನೆ. ಕತ್ತಲಲ್ಲಿ ಕಪ್ಪು ಅಂಗಿ ತೊಟ್ಟ ಹುಡುಗ ಅವನಿಗೆ ಕಾಣಿಸುವುದಿಲ್ಲ. ಊರ ರಸ್ತೆಯಲ್ಲಿ ಓಡಲೇಬೇಕಾದರೆ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಬಿಳಿ ಅಂಗಿ ತೊಟ್ಟು ಓಡಲಿ. ಕೆರೆ ಏರಿ, ಶಾಲೆಯ ಮೈದಾನ, ಕೊಯ್ಲಾದ ಹೊಲ, ಮನೆ ಏಳದ ಬಡಾವಣೆಯ ರಸ್ತೆ, ಇವೆಲ್ಲ ಒಳ್ಳೆಯವು. ಮಣ್ಣಿನ ನೆಲ ಕಾಲಿಗೆ ಹಿತ. ಗಟ್ಟಿ ಕಾಂಕ್ರೀಟು ಮೂಳೆಗೆ ಕೆಟ್ಟದ್ದು.

ದೂರ ಅಳೆಯುವುದರಲ್ಲಿ ಮೋಸಹೋಗಬಾರದು. ಕಿಸೆಯ ಫೋನು ದೂರ ತೋರಿಸುತ್ತದೆ, ಆದರೆ ಸಣ್ಣ ಸುತ್ತಿನಲ್ಲಿ ಮರದ ಕೆಳಗೆ ತಪ್ಪು ತೋರಿಸುವುದುಂಟು. ಅಭ್ಯಾಸದಲ್ಲಿ 1500 ಮೀಟರನ್ನೇ 1600 ಎಂದು ನಂಬಿಕೊಂಡವನಿಗೆ ಪರೀಕ್ಷೆಯ ದಿನ ಆಗುವ ಗತಿ ಏನು? ಭೂಮಾಪನದ 33 ಅಡಿಯ ಸರಪಳಿಯ ಲೆಕ್ಕ ನಿಮಗೆ ಗೊತ್ತೇ ಇದೆ, ಒಂದು ಸರಪಳಿ ಚೌಕ ಒಂದು ಗುಂಟೆ. ಅಂಥ 40 ಸರಪಳಿ ಉದ್ದ ಅಳೆದರೆ 402 ಮೀಟರು, ನಮಗೆ ಬೇಕಾದ ಸುತ್ತು ಸಿಕ್ಕಿತು. ಸರಪಳಿ ಇಲ್ಲದಿದ್ದರೆ 20 ಮೀಟರಿನ ನೂಲು ಹಗ್ಗ ಇಪ್ಪತ್ತು ಸಲ ಹಾಕಿ ಎರಡು ಕಲ್ಲು ನೆಡಿ. ಹಗ್ಗ ಒದ್ದೆಯಾಗಿರಬಾರದು. ಸರಿಯಾದ ಚೌಕದ ಒಂದು ಎಕರೆ ಹೊಲವಿದ್ದರೆ ಅದರ ಬದುವಿನ ಸುತ್ತ ಒಂದು ಸುತ್ತಿಗೆ ಸುಮಾರು 254 ಮೀಟರು. ಆರೂಕಾಲು ಸುತ್ತಿಗಿಂತ ತುಸು ಹೆಚ್ಚು ಬಂದರೆ 1600 ಆಯಿತು. ಯುವಕ ಸಂಘದವರು ಒಂದು ಭಾನುವಾರ ಶಾಲೆಯ ಮೈದಾನ ಅಳೆದು ಸುಣ್ಣದಲ್ಲಿ ಗೆರೆ ಹಾಕಿದರೆ ಊರಿಗೆಲ್ಲ ಉಪಯೋಗವಾಗುತ್ತದೆ.

ಆಹಾರದ ವಿಷಯದಲ್ಲಿ ನಾನು ಹೊಸದೇನನ್ನೂ ಹೇಳುವವನಲ್ಲ. ಡಬ್ಬಿಯ ಪುಡಿಗಳಿಗೆ ತಿಂಗಳಿಗೆ ಸಾವಿರಗಟ್ಟಲೆ ಸುರಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಮುದ್ದೆ, ಅವರೆಕಾಳಿನ ಸಾರು, ಸೊಪ್ಪು, ಮೊಟ್ಟೆ ಅಥವಾ ಹಾಲು, ಕಡಲೆಕಾಯಿ. ಇವು ಇದ್ದ ಮನೆಯಲ್ಲಿ ಓಟಗಾರನಿಗೆ ಕೊರತೆಯಿಲ್ಲ. ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಮುದ್ದೆ ಉಂಡ ಮೂರು ಗಂಟೆಯೊಳಗೆ ಜೋರಾಗಿ ಓಡಬಾರದು. ಬೆಳಗಿನ ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು, ಒಂದು ಲೋಟ ನೀರು ಸಾಕು. ಓಡಿ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ದುಡಿದು ಬಂದ ಹುಡುಗಿಗೆ ಮನೆಯಲ್ಲಿ ಪಾತ್ರೆ ಕಾದಿರುತ್ತದೆ, ಓಡಲು ಬೀದಿ ಸಿಗುವುದಿಲ್ಲ. 400 ಮೀಟರಿಗೆ 2 ನಿಮಿಷವೆಂದರೆ ನೂರು ಮೀಟರಿಗೆ 30 ಸೆಕೆಂಡು. ವಾರಕ್ಕೆ ನಾಲ್ಕು ದಿನ ಓಡಲು ಬಿಟ್ಟರೆ ಆರೋಗ್ಯವಂತ ಹುಡುಗಿಯರಲ್ಲಿ ಹೆಚ್ಚಿನವರಿಗೆ ಇದು ಸಾಧ್ಯ. ಸೋಲುವುದಕ್ಕೆ ಬಹುಮಟ್ಟಿಗೆ ಕಾರಣ ಓಡಲು ಅವಕಾಶವೇ ಇಲ್ಲದಿರುವುದು. ಇನ್ನೊಂದು ಕಾರಣ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತ ಕಡಿಮೆಯೆಂದು ಕಂಡುಬಂತು. ಆಮ್ಲಜನಕ ಹೊರುವುದು ರಕ್ತವೇ. ಅದೇ ತೆಳುವಾಗಿದ್ದರೆ ಎಂಥ ಅಭ್ಯಾಸವೂ ಕೈಕೊಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡುತ್ತಾರೆ. ಕಬ್ಬಿಣದ ಮಾತ್ರೆ ಕೊಟ್ಟರೆ ಊಟದ ಜೊತೆ ಚಹಾ ಕುಡಿಯುವುದನ್ನು ಬಿಡಬೇಕು, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಗಂಡುಹುಡುಗರಿಗೂ ಈ ಪರೀಕ್ಷೆ ಒಮ್ಮೆ ಆಗಲಿ. ನಾಲ್ಕೈದು ಹುಡುಗಿಯರು ಸೇರಿ, ಒಬ್ಬ ತಾಯಿಯೋ ಅಕ್ಕನೋ ಮೈದಾನದ ಅಂಚಿನಲ್ಲಿ ಕುಳಿತರೆ ಊರಿನ ಬಾಯಿಯೂ ಕಟ್ಟುತ್ತದೆ.

ಈಗ ಭಯ ಪಡಲೇಬೇಕಾದ ಒಂದು ಮಾತು. 2024ರ ಆಗಸ್ಟ್‌–ಸೆಪ್ಟೆಂಬರಿನಲ್ಲಿ ಜಾರ್ಖಂಡ್ ರಾಜ್ಯದಲ್ಲಿ ಅಬಕಾರಿ ಕಾನ್‌ಸ್ಟೇಬಲ್ ನೇಮಕದ ಓಟ ನಡೆಯಿತು. 10 ಕಿಲೋಮೀಟರು, ಒಂದು ಗಂಟೆ. ಆ ನೇಮಕಾತಿಯಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಪ್ರಾಣ ಕಳೆದುಕೊಂಡರು. ವೇಗ ನೋಡಿದರೆ ನಮ್ಮ ಪರೀಕ್ಷೆಗಿಂತ ಕಡಿಮೆಯೇ. ಸೆಖೆ, ರಾತ್ರಿಯಿಡೀ ಸಾಲಿನಲ್ಲಿ ಕಾದದ್ದು, ಸಿದ್ಧತೆಯಿಲ್ಲದ ಮೈ, ಹುರುಪಿನ ಔಷಧಿ, ಹೀಗೆ ನಾನಾ ಕಾರಣಗಳ ಮಾತು ಬಂತು. ಕಾರಣ ಯಾವುದಾದರೂ, ಪೆಟ್ಟು ಬಿದ್ದದ್ದು ನಮ್ಮಂಥ ಮನೆಗಳಿಗೆ. ಓಡುವಾಗ ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ, ಎದೆಬಡಿತ ತಾಳ ತಪ್ಪಿದರೆ ಆ ಕ್ಷಣವೇ ನಿಲ್ಲಬೇಕು, ಡಾಕ್ಟರಿಗೆ ತೋರಿಸದೆ ಮತ್ತೆ ಓಡಬಾರದು. ವಂಶದಲ್ಲಿ ಎಳೆಯ ವಯಸ್ಸಿಗೆ ಹೃದಯ ನಿಂತು ಸತ್ತವರಿದ್ದರೆ ಅಭ್ಯಾಸಕ್ಕೆ ಮುಂಚೆಯೇ ತೋರಿಸಿ. ಜ್ವರ ಬಂದ ವಾರ ಓಟವಿಲ್ಲ. “ಒಂದು ಇಂಜೆಕ್ಷನ್ ಹಾಕಿಸಿಕೋ, ಕುದುರೆಯಾಗುತ್ತೀಯೆ” ಎಂದು ಮೈದಾನದ ಬಳಿ ಸುಳಿಯುವವರನ್ನು ಹತ್ತಿರ ಸೇರಿಸಬೇಡಿ.

ಕರೆ ಬಂದ ಮೇಲೆ ಅಭ್ಯಾಸ ಆರಂಭಿಸಿದರೆ ತಡವಾಯಿತು. ಹದಿನಾಲ್ಕು ಹದಿನಾರು ವಾರ ಬೇಕು, ಒಂದು ರಾಗಿ ಬೆಳೆಯ ಕಾಲ. ಅರ್ಜಿ ಹಾಕಿದ ದಿನವೇ ಮೊದಲ ಓಟ ಓಡಲಿ. ಕೊನೆಯ ವಾರ ಓಟವನ್ನು ಅರ್ಧಕ್ಕಿಳಿಸಿ, ಕೊನೆಯ ಎರಡು ದಿನ ಬರೀ ನಡಿಗೆ. ಹೊಸ ಬೂಟನ್ನು ಆ ದಿನ ಮೊದಲ ಬಾರಿಗೆ ತೊಡಬಾರದು. ಪರವೂರಿನಲ್ಲಿ ಪರೀಕ್ಷೆಯಾದರೆ ಹಿಂದಿನ ಸಂಜೆಯೇ ಹೋಗಿ ನೆಂಟರ ಮನೆಯಲ್ಲಿ ಮಲಗಲಿ, ಬಸ್ಸಿನಲ್ಲಿ ರಾತ್ರಿ ಕಳೆದು ಇಳಿದು ಓಡಿದರೆ ನಾಲ್ಕು ತಿಂಗಳ ದುಡಿಮೆ ನೀರುಪಾಲು.

ಓಟದ ಗೆರೆಯಲ್ಲಿ ನೂರಾರು ಹುಡುಗರು ಒತ್ತಿಕೊಂಡು ನಿಂತಿರುತ್ತಾರೆ. ಸೀಟಿ ಊದಿದೊಡನೆ ಎಲ್ಲರೂ ಹುಲಿ ಬೆನ್ನಟ್ಟಿದಂತೆ ಓಡುತ್ತಾರೆ. ಮೊದಲ ಸುತ್ತನ್ನು 80 ಸೆಕೆಂಡಿಗೆ ಓಡಿದವರು ಮೂರನೆಯ ಸುತ್ತಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಡೆಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಮ್ಮ ಹುಡುಗ ಮೊದಲ ಸುತ್ತು 95ಕ್ಕೆ ಬರಲಿ, ಹಿಂದೆ ಬಿದ್ದೆನೆಂದು ಗಾಬರಿಯಾಗದಿರಲಿ. ಎರಡನೆಯದು 97. ಮೂರನೆಯದೇ ಕಠಿಣ, ಮನಸ್ಸು ಅಲ್ಲಿಯೇ ಜಾರುವುದು. ಅಲ್ಲಿ ಕೈ ಬೀಸುವುದನ್ನು ಸ್ವಲ್ಪ ಜೋರು ಮಾಡಿದರೆ ಕಾಲು ತಾನೇ ಹಿಂಬಾಲಿಸುತ್ತದೆ. ಅದನ್ನೂ 97ಕ್ಕೆ ಹಿಡಿದರೆ ಕೊನೆಯ ಸುತ್ತಿಗೆ 101 ಸೆಕೆಂಡು ಉಳಿಯುತ್ತದೆ. ಅಷ್ಟು ಹೊತ್ತಿಗೆ ಮುಂದೆ ಹೋದವರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿರುತ್ತಾರೆ.

ಈ ಸೆಕೆಂಡುಗಳು ಹುಡುಗನ ಕಾಲಿಗೆ ಹತ್ತಬೇಕಾದರೆ ಯಾರಾದರೊಬ್ಬರು ಕಲ್ಲಿನ ಬಳಿ ಗಡಿಯಾರ ಹಿಡಿದು ನಿಲ್ಲಬೇಕು. ಆ ಕೆಲಸ ನಿಮ್ಮದು. ವಾರಕ್ಕೊಂದು ದಿನ, ಹಾಲು ಹಾಕಿ ಬರುವ ದಾರಿಯಲ್ಲಿ, ಅರ್ಧ ಗಂಟೆ. ಅವನು ಹಾಯ್ದು ಹೋಗುವಾಗ ಸುತ್ತಿನ ಕಾಲವನ್ನು ಗಟ್ಟಿಯಾಗಿ ಕೂಗಿ, ಮನೆಯ ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲಿ ಬರೆದಿಡಿ. ಬೈಯಬೇಡಿ, ಹೊಗಳಲೂ ಬೇಡಿ. ಸೆಕೆಂಡು ಮಾತ್ರ ಹೇಳಿ.